ತಂತ್ರಾಂಶ ಬರೆಯುವವರ ತಿಂಗಳ ವ್ಯಾಸಂಗ

(ಶ್ರೀನಿವಾಸಪುರದ ಪ್ರೌಢಶಾಲೆಯೊಂದರ ಕನ್ನಡ ಪಂಡಿತರು ಮಾಡಿದ ಭಾಷಣ)

‘ಓದು ಮುಗಿಯಿತು’ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡಿಬಿಡುತ್ತೇವೆ. ಮಗ ತೇರ್ಗಡೆಯಾದ, ಪದವಿ ಬಂತು, ಕೆಲಸ ಸಿಕ್ಕಿತು. ಇನ್ನು ಪುಸ್ತಕಗಳು ಅಟ್ಟಕ್ಕೆ ಏರಬಹುದು ಎಂಬುದು ಸಾಮಾನ್ಯ ಗೃಹಸ್ಥರ ಲೆಕ್ಕ. ವೈದ್ಯರೂ ವಕೀಲರೂ ಉಪಾಧ್ಯಾಯರೂ ಕೆಲಸಕ್ಕೆ ಸೇರಿದ ಮೇಲೂ ಓದುತ್ತಿರಬೇಕೆಂದು ಬಾಯಲ್ಲಿ ಹೇಳುತ್ತೇವೆ. ಓದುವವರು ಎಷ್ಟು ಮಂದಿ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಆದರೆ ನಮ್ಮ ಕಾಲದಲ್ಲಿ ಒಂದು ಕಸುಬು ಬೆಳೆದು ನಿಂತಿದೆ. ಅದರಲ್ಲಿ ಓದನ್ನು ಎರಡು ಮೂರು ವರ್ಷ ಬಿಟ್ಟವರು ಕಸುಬನ್ನೇ ಬಿಟ್ಟಂತೆ ಆಗುತ್ತದೆ. ಕಂಪ್ಯೂಟರಿಗೆ ತಂತ್ರಾಂಶ ಬರೆಯುವ ಕೆಲಸವೇ ಅದು. ಸಾಫ್ಟ್‌ವೇರ್ ಎಂದು ನಾವೆಲ್ಲ ಕರೆಯುತ್ತೇವೆ. ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾರೆ. ಅವರು ರಾತ್ರಿ ಹನ್ನೊಂದರವರೆಗೆ ಕಣ್ಣು ಕೀಲಿಸಿ ಕೂತಿರುವುದನ್ನು ಕಂಡು, ‘ಸಂಬಳ ಬರುತ್ತಿದೆಯಲ್ಲ, ಇನ್ನೂ ಏನು ಓದು?’ ಎಂದು ತಾಯಂದಿರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಹೊತ್ತಿನ ನನ್ನ ಮಾತಿನ ಉದ್ದೇಶ.

ಕನ್ನಡ ಪಂಡಿತನಿಗೂ ಕಂಪ್ಯೂಟರಿಗೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಉಂಟು, ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿಗೆ ಬರುತ್ತೇನೆ.

ಮೊದಲು ಒಂದು ಮಾತು. ಹೊಸ ವಿದ್ಯೆ ಬಂದು ಹಳೆಯ ಕೈಗಳನ್ನು ಪರೀಕ್ಷೆಗೆ ಒಡ್ಡುವುದು ನಮ್ಮ ಕೋಲಾರದ ಸೀಮೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ನಡೆದು ಚಿನ್ನದ ಗಣಿಗೆ ಬಂತು. ಅದುವರೆಗೆ ಹಬೆಯ ಯಂತ್ರವನ್ನು ನಂಬಿದ್ದ ಗಣಿ ವಿದ್ಯುತ್ತಿಗೆ ಹೊರಳಿತು. ಹಬೆಯ ಕೆಲಸ ಬಲ್ಲವರು ವಿದ್ಯುತ್ತಿನ ಕೆಲಸವನ್ನೂ ಕಲಿಯಬೇಕಾಯಿತು. ಅದೇ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಆಳದ ಸುರಂಗದಲ್ಲಿ ಬಂಡೆಯ ಗುಣವನ್ನು ಸದ್ದಿನಿಂದಲೇ ಅರಿಯಬಲ್ಲವರು ಮೇಲೆ ಬಂದು ಬೇರೆ ಬದುಕನ್ನು ಹುಡುಕಿದರು. ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಊರಾಯಿತು ಅದು. ವಿದ್ಯೆ ದೊಡ್ಡದಾಗಿದ್ದರೆ ಸಾಲದು, ಅದು ಬೇಕಾಗಿರುವ ಜಾಗವೂ ಉಳಿದಿರಬೇಕು ಎಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ತಂತ್ರಾಂಶದ ಕಸುಬಿನಲ್ಲಿ ಈ ಬದಲಾವಣೆ ಇನ್ನೂ ಬೇಗ ಬೇಗ ನಡೆಯುತ್ತದೆ. ಕನ್ನಡದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳನ್ನು ಆಕಾರ ನೋಡಿ ಒಡೆದಿದ್ದರು: ತಲೆಕಟ್ಟು ಒಂದು ಕೀಲಿ, ಕೊಂಬು ಒಂದು ಕೀಲಿ, ಒತ್ತುಗಳು ಬೇರೆ ಕೀಲಿಗಳು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಈ ಆಕಾರದ ದಾರಿಯನ್ನು ಬಿಟ್ಟು ಧ್ವನಿಯ ದಾರಿಯನ್ನು ಹಿಡಿದರು. ವ್ಯಂಜನಕ್ಕೆ ಸ್ವರ ಸೇರಿ ಗುಣಿತಾಕ್ಷರ, ವ್ಯಂಜನಕ್ಕೆ ವ್ಯಂಜನ ಸೇರಿ ಸಂಯುಕ್ತಾಕ್ಷರ ಎಂದು ನಾವು ಮಕ್ಕಳಿಗೆ ಕಲಿಸುವ ಕ್ರಮವನ್ನೇ ಕೀಲಿಮಣೆಗೆ ಇಳಿಸಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವೆಲ್ಲ ಅಡಕವಾಯಿತು. ಸರ್ಕಾರ ಒಪ್ಪಿಕೊಂಡದ್ದು ಈ ವಿನ್ಯಾಸವನ್ನೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇಂದಿಗೂ ಬೆರಳುಗಳು ಓಡಾಡುವುದು ಇದರ ಮೇಲೆಯೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಇವೆರಡರಿಂದ ಸಾವಿರಾರು ಜನ ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯಲು ಕಲಿತರು.

ಆದರೆ ಅಂದಿನ ಏರ್ಪಾಟಿನಲ್ಲಿ ಒಂದು ತೊಡಕಿತ್ತು. ಆ ಅಕ್ಷರಗಳು ಒಂದೊಂದು ಅಚ್ಚಿನ ಮೊಳೆಗೆ ಅಂಟಿಕೊಂಡಿದ್ದವು. ಒಂದು ಯಂತ್ರದಲ್ಲಿ ಬರೆದ ಕನ್ನಡ, ಅದೇ ಮೊಳೆಗಳಿಲ್ಲದ ಇನ್ನೊಂದು ಯಂತ್ರಕ್ಕೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಲೋಕದ ಲಿಪಿಗಳ ಒಂದೊಂದು ಚಿಹ್ನೆಗೂ ಎಲ್ಲ ಯಂತ್ರಗಳೂ ಒಪ್ಪುವ ಒಂದೊಂದು ಸಂಖ್ಯೆಯನ್ನು ಕೊಡುವ ಪಟ್ಟಿ ಅದು. ಮೊದಲ ಆವೃತ್ತಿ 1991ರಲ್ಲಿ ಬಂತು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟರು. ‘ಕ’ ಎಂಬ ಅಕ್ಷರದ ಮನೆಯ ಸಂಖ್ಯೆ 3221. ಹಳೆಯ ಪದ್ಧತಿಯಲ್ಲಿ ನುರಿತಿದ್ದವರೆಲ್ಲ ಮತ್ತೆ ವಿದ್ಯಾರ್ಥಿಗಳಾದರು. ಹಿಂದೆ ಬರೆದಿಟ್ಟ ಕಡತಗಳನ್ನು ಹೊಸ ಪದ್ಧತಿಗೆ ಪರಿವರ್ತಿಸುವ ತಂತ್ರಾಂಶಗಳನ್ನು ಬರೆಯಬೇಕಾಯಿತು. ಹೀಗೆ ಹತ್ತು ಹದಿನೈದು ವರ್ಷಗಳಲ್ಲಿ ಒಂದೇ ಕೆಲಸಕ್ಕೆ ಮೂರು ಬಾರಿ ಅಕ್ಷರಾಭ್ಯಾಸ!

ಇಂಥ ಕಸುಬಿನವರು ಹೇಗೆ ಓದಬೇಕು? ಈ ಪ್ರಶ್ನೆಗೆ ಉತ್ತರವನ್ನು ನಾನು ಕಂಡದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ನೋಟ್‌ಬುಕ್ಕಿನಲ್ಲಿ. ಈಕೆ ನಮ್ಮ ತಾಲ್ಲೂಕಿನ ಹಳ್ಳಿಯವಳು. ಮನೆಮಾತು ತೆಲುಗು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮುಂದೆ ಇಂಜಿನಿಯರಿಂಗ್ ಇಂಗ್ಲಿಷಿನಲ್ಲಿ. ಗಡಿಯ ತಾಲ್ಲೂಕಾದ ನಮ್ಮಲ್ಲಿ ಇದು ವಿಶೇಷವೇನಲ್ಲ. ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ ಮಾಡಿ, ಮಗುವಾದ ಮೇಲೆ ನಾಲ್ಕು ವರ್ಷ ಬಿಟ್ಟು, ಮತ್ತೆ ಕೆಲಸಕ್ಕೆ ಹೊರಟಾಗ ಎರಡು ಮೂರು ಕಡೆ ಒಂದೇ ಉತ್ತರ: ‘ನಿಮಗೆ ಬರುವ ವಿದ್ಯೆ ಹಳೆಯದಾಯಿತು.’ ಮನೆಯ ಸಾಲವಿದೆ. ಒಬ್ಬರ ಸಂಬಳದಲ್ಲಿ ಸಂಸಾರ ಎಳೆಯುವುದು ಕಷ್ಟ. ಅತ್ತು ಕೂರುವ ಹುಡುಗಿಯಲ್ಲ. ತಿಂಗಳಿಗೊಂದು ಪಾಠಕ್ರಮವನ್ನು ತಾನೇ ಹಾಕಿಕೊಂಡಳು. ಬೇಸಗೆಯಲ್ಲಿ ತವರಿಗೆ ಬಂದಾಗ ನನ್ನನ್ನು ನೋಡಲು ಬಂದವಳು ಆ ಪುಸ್ತಕವನ್ನು ತೋರಿಸಿದಳು. ಪುಟದಲ್ಲಿ ಮೂರು ಅಂಕಣ: ಓದಿದ್ದು, ಮಾಡಿದ್ದು, ಕೇಳಿದ್ದು.

ಮೊದಲು ‘ಓದಿದ್ದು’. ಇದರಲ್ಲಿ ನನಗೆ ಮೆಚ್ಚಿಕೆಯಾದದ್ದು ಆಕೆ ಓದಿದ್ದರ ಪ್ರಮಾಣವಲ್ಲ, ಓದಿದ ಕ್ರಮ. ತಂತ್ರಾಂಶ ಬರೆಯಲು ನೂರಾರು ಭಾಷೆಗಳಿವೆ. ಅವುಗಳಲ್ಲಿ ಪೈಥಾನ್ ಎಂಬುದೊಂದು. ಗೀಡೊ ವಾನ್ ರಾಸಮ್ ಎಂಬ ಡಚ್ಚರು 1991ರಲ್ಲಿ ಅದನ್ನು ಹೊರತಂದರು. ಇಂಥ ಭಾಷೆಗಳನ್ನು ಹತ್ತು ದಿನದಲ್ಲಿ ಕಲಿಸುತ್ತೇವೆಂದು ಹೇಳುವ ಚಲನಚಿತ್ರ ಪಾಠಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಈಕೆ ಅವನ್ನು ಬದಿಗಿಟ್ಟು, ಆ ಭಾಷೆಯವರೇ ಬರೆದಿಟ್ಟ ಮೂಲ ಕೈಪಿಡಿಯನ್ನು ದಿನಕ್ಕೆ ಎಂಟು ಪುಟದಂತೆ ಓದಿದ್ದಳು. ನಮ್ಮ ಶಾಸ್ತ್ರಾಭ್ಯಾಸದ ಮಾತಿನಲ್ಲಿ ಹೇಳುವುದಾದರೆ, ಟೀಕೆಗೆ ಮೊದಲು ಮೂಲ. ಅದಾದ ಮೇಲೆ ಅನುಭವಸ್ಥರು ಬರೆದ ತಂತ್ರಾಂಶದ ಮೂಲಪಾಠವನ್ನು ಓದಿದ್ದಳು. ಬಹಳ ಜನಕ್ಕೆ ತಿಳಿಯದ ಸಂಗತಿ ಇದು: ಲೋಕ ನಡೆಸುವ ತಂತ್ರಾಂಶಗಳಲ್ಲಿ ಎಷ್ಟೋ ಭಾಗ ಗುಟ್ಟಿನದಲ್ಲ. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬುದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಬಿಚ್ಚಿ ಓದಬಹುದು. ಒಳ್ಳೆಯ ಕವಿಯಾಗಲು ಮೊದಲು ಒಳ್ಳೆಯ ಕಾವ್ಯ ಓದಬೇಕೆಂದು ಮಕ್ಕಳಿಗೆ ಹೇಳುತ್ತೇವಲ್ಲ, ಇದೂ ಹಾಗೆಯೇ.

ಎರಡನೆಯ ಅಂಕಣ ‘ಮಾಡಿದ್ದು’. ನಂಟು ಇದೆಯೆಂದು ಆಗಲೇ ಹೇಳಿದೆನಲ್ಲ, ಅದು ಇಲ್ಲಿದೆ. ಕಲಿತದ್ದನ್ನು ಕೈಗೆ ತರಲು ಆಕೆ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡಿದ್ದಳು: ಒಂದು ಕನ್ನಡ ಪದವನ್ನು ಕೊಟ್ಟರೆ ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಯಂತ್ರ ಹೇಳಬೇಕು. ಮೂರನೆಯ ತರಗತಿಯ ಮಗು ಮಾಡುವ ಲೆಕ್ಕ! ತನ್ನ ಊರಿನ ಹೆಸರನ್ನೇ ಮೊದಲು ಕೊಟ್ಟಳಂತೆ. ‘ಶ್ರೀನಿವಾಸಪುರ’ ಎಂದರೆ ಶ್ರೀ, ನಿ, ವಾ, ಸ, ಪು, ರ; ಆರು ಅಕ್ಷರ. ಯಂತ್ರ ಹೇಳಿದ್ದು ಹನ್ನೆರಡು.

“ಮೇಷ್ಟ್ರೇ, ಅಕ್ಷರ ಅಂದರೆ ಏನು?” ಎಂದು ಕೇಳಿದಳು.

ಮೂವತ್ತು ವರ್ಷ ಕನ್ನಡ ಹೇಳಿದ ನನಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಎಣಿಸಿದ್ದು ಚಿಹ್ನೆಗಳನ್ನು: ಶಕಾರ, ಅದರ ಅಕಾರವನ್ನು ಅಳಿಸುವ ಹಲಂತದ ಚಿಹ್ನೆ, ರಕಾರ, ಈಕಾರದ ಗುಣಿತ. ‘ಶ್ರೀ’ ಒಂದರಲ್ಲಿಯೇ ನಾಲ್ಕಾಯಿತು. ‘ಮೇಷ್ಟ್ರು’ ಎಂಬ ಪದದಲ್ಲಿ ನಮಗೆ ಎರಡು ಅಕ್ಷರ, ಯಂತ್ರಕ್ಕೆ ಎಂಟು. ಯಂತ್ರದೊಳಗೆ ಕೂಡಿಡುವಾಗ ಒಂದೊಂದು ಚಿಹ್ನೆಗೂ ಸಾಮಾನ್ಯ ಪದ್ಧತಿಯಲ್ಲಿ ಮೂರು ಬೈಟು ಜಾಗ. ಆದುದರಿಂದ ನಮ್ಮ ಊರಿನ ಹೆಸರು ಹಿಡಿಯುವ ಜಾಗ ಮೂವತ್ತಾರು ಬೈಟು. ಇದಲ್ಲದೆ, ಕಣ್ಣಿಗೆ ಕಾಣದ ಚಿಹ್ನೆಯೂ ಒಂದಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗಿ ಅಂಟದಂತೆ ನಡುವೆ ಒಂದು ಅದೃಶ್ಯ ಚಿಹ್ನೆಯನ್ನು ಇಡಬೇಕು. ಅದನ್ನೂ ಯಂತ್ರ ಎಣಿಸುತ್ತದೆ.

ಇದೆಲ್ಲ ಪಂಡಿತರ ಕಾಲಕ್ಷೇಪ ಎಂದು ತಿಳಿಯಬೇಡಿ. ಒಂದು ಅರ್ಜಿಯ ನಮೂನೆಯಲ್ಲಿ ‘ಊರಿನ ಹೆಸರು ಹತ್ತು ಅಕ್ಷರ ಮೀರಬಾರದು’ ಎಂದು ತಂತ್ರಾಂಶ ಬರೆದವರು ನಿಯಮ ಇಟ್ಟರೆನ್ನಿ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೆ ಆರೇ ಅಕ್ಷರದ ಶ್ರೀನಿವಾಸಪುರ ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ; ಹೆಸರು ನಡುವೆ ಕತ್ತರಿಸಿಹೋಗುತ್ತದೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನಿನ ದಾಖಲೆಗಳು 2001ರ ಹೊತ್ತಿಗೆ ಕಂಪ್ಯೂಟರಿಗೆ ಏರಿದವು. ಪಹಣಿಯಲ್ಲಿ ತಂದೆಯ ಹೆಸರು ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆ ಇದ್ದರೆ ಅಲೆದಾಡುವವರು ಯಾರು? ಮಾವಿನ ಸುಗ್ಗಿಯಲ್ಲಿ ಮಂಡಿಯ ಕೆಲಸ ಬಿಟ್ಟು ಕಚೇರಿಯ ಮೆಟ್ಟಿಲು ಹತ್ತುವ ರೈತ. ಒಂದು ಒತ್ತಕ್ಷರವನ್ನು ಯಂತ್ರಕ್ಕೆ ಸರಿಯಾಗಿ ಕಲಿಸುವ ಇಂಜಿನಿಯರು ಆ ರೈತನ ಒಂದು ದಿನವನ್ನು ಉಳಿಸುತ್ತಾಳೆ.

ಅಂದು ಸಂಜೆ ಇಬ್ಬರೂ ಕೂತು ನಿಯಮಗಳನ್ನು ಬರೆದೆವು. ಸ್ವರ ತಾನೇ ಒಂದು ಅಕ್ಷರ. ವ್ಯಂಜನಕ್ಕೆ ಹತ್ತಿದ ಗುಣಿತಚಿಹ್ನೆ ಬೇರೆ ಅಕ್ಷರವಲ್ಲ. ಅನುಸ್ವಾರ ವಿಸರ್ಗಗಳು ಹಿಂದಿನ ಅಕ್ಷರವನ್ನು ಸೇರುತ್ತವೆ. ಹಲಂತಚಿಹ್ನೆಯ ಮುಂದೆ ವ್ಯಂಜನ ಬಂದರೆ ಎರಡೂ ಕೂಡಿ ಒಂದು. ಪದದ ಕೊನೆಯಲ್ಲಿ ಹಲಂತ ನಿಂತರೆ? ಬರೆಹದ ಲೆಕ್ಕದಲ್ಲಿ ಅದೊಂದು ಅಕ್ಷರವಾಗಿ ಕಾಣುತ್ತದೆ. ಛಂದಸ್ಸಿನ ಲೆಕ್ಕದಲ್ಲಿ ಅದು ತಾನು ಎಣಿಕೆಗೆ ಬಾರದೆ ಹಿಂದಿನ ಅಕ್ಷರವನ್ನು ಗುರುವಾಗಿಸುತ್ತದೆ. “ಹಾಗಾದರೆ ಯಾವ ಲೆಕ್ಕ ಬೇಕು ಅಂತ ಮೊದಲೇ ಕೇಳಬೇಕು” ಎಂದಳು. ಅದೇ ಸರಿಯಾದ ಮಾತು. ಯಾವುದಕ್ಕಾಗಿ ಎಣಿಸುತ್ತೇವೆ ಎಂಬುದು ತಿಳಿಯದೆ ಎಣಿಸಬಾರದು.

ಛಂದಸ್ಸಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕಂಪ್ಯೂಟರು ಒಳಗೆ ಬಲ್ಲದ್ದು ಎರಡೇ ಸ್ಥಿತಿ: ಸೊನ್ನೆ ಮತ್ತು ಒಂದು. ನಮ್ಮ ಛಂದಸ್ಸು ಬಲ್ಲದ್ದೂ ಎರಡೇ: ಲಘು ಮತ್ತು ಗುರು. ಮೂರು ಅಕ್ಷರಗಳ ಗಣದಲ್ಲಿ ಇವೆರಡನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಎರಡೆರಡಲೆರಡಲೆ ಎಂಟು, ಆದ್ದರಿಂದಲೇ ಅಕ್ಷರಗಣಗಳು ಎಂಟು. ನಾಲ್ಕು ಅಕ್ಷರವಾದರೆ ಹದಿನಾರು, ಎಂಟಾದರೆ 256. ಎಂಟು ಸ್ಥಾನಗಳ ಒಂದು ಬೈಟಿನಲ್ಲಿ 256 ಬಗೆ ಇರುವುದೂ ಇದೇ ಲೆಕ್ಕದಿಂದ. ಪ್ರಾಚೀನರು ಕಂಪ್ಯೂಟರನ್ನು ಕಂಡುಹಿಡಿದಿದ್ದರು ಎಂದು ನಾನು ಹೇಳುತ್ತಿಲ್ಲ. ಅಂಥ ಮಾತಿನಿಂದ ಪ್ರಾಚೀನರಿಗೂ ಗೌರವವಿಲ್ಲ, ಕಂಪ್ಯೂಟರಿಗೂ ಗೌರವವಿಲ್ಲ. ಪ್ರಸ್ತಾರ ಹಾಕಲು ಬಲ್ಲ ಹತ್ತನೆಯ ತರಗತಿಯ ಹುಡುಗನಿಗೆ ಯಂತ್ರದ ಗಣಿತದ ಮೊದಲ ಮೆಟ್ಟಿಲು ಆಗಲೇ ಪರಿಚಿತ ಎಂದು ಮಾತ್ರ ಹೇಳುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಏನೋ ಕಳೆದುಕೊಂಡೆ ಎಂಬ ಕೊರಗು ಇರುವ ಮಕ್ಕಳು ಇದನ್ನು ನೆನೆಯಬೇಕು.

ಯೂನಿಕೋಡ್ ಪಟ್ಟಿಯಲ್ಲಿ ಪಂಡಿತರಿಗೆ ನಗುವೂ ನೋವೂ ಬರಿಸುವ ಒಂದು ಪ್ರಸಂಗವಿದೆ. ಹಳಗನ್ನಡದ ‘ೞ’ಕಾರವನ್ನು ತಾವು ಶಾಲೆಯಲ್ಲಿ ಓದಿರಬಹುದು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಬರಿಯ ಳಕಾರದಿಂದ ಬೇರ್ಪಡಿಸಿ ತೋರಿಸಲು ಶ್ರಮಪಟ್ಟಿದ್ದಾನೆ. ಈ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ 3294ನೆಯ ಮನೆ ಸಿಕ್ಕಿದೆ, ಸಂತೋಷ. ಆದರೆ ಮನೆಯ ಬಾಗಿಲಿಗೆ ಬರೆದ ಇಂಗ್ಲಿಷ್ ಹೆಸರು ‘ಫ’ ಎಂದು! ಯಾರದೋ ಕಣ್ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ಕಟ್ಟುನಿಟ್ಟಾದ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ. ಪಟ್ಟಿ ಮಾಡುವ ಕಾಲದಲ್ಲಿ ಹಳಗನ್ನಡ ಬಲ್ಲವರೊಬ್ಬರು ಆ ಸಾಲಿನ ಮೇಲೆ ಕಣ್ಣಾಡಿಸಿದ್ದರೆ ಇದು ತಪ್ಪುತ್ತಿತ್ತು. ಒಳ್ಳೆಯದೂ ನಡೆದಿದೆ: ಅದರ ಪಕ್ಕದ 3293ನೆಯ ಮನೆಯಲ್ಲಿ, ಹಳೆಯ ಬರೆಹಗಳಲ್ಲಿ ಬರುವ ‘ನಕಾರಪೊಲ್ಲು’ ಎಂಬ ಅರೆನಕಾರದ ರೂಪ 2021ರ ಸೆಪ್ಟೆಂಬರಿನಲ್ಲಿ ಬಂದು ನೆಲೆಸಿತು, ಅದೇ ಆವೃತ್ತಿಯಲ್ಲಿ ತೆಲುಗಿಗೂ ಅದರ ಜೋಡಿ ಸಿಕ್ಕಿತು. ಪಂಡಿತರೂ ಇಂಜಿನಿಯರುಗಳೂ ಒಂದೇ ಮೇಜಿನ ಎದುರು ಕೂರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಮೂರನೆಯ ಅಂಕಣ, ‘ಕೇಳಿದ್ದು’. ಎಂದರೆ ಕಸುಬಿನ ಸುದ್ದಿ. ರೇಡಿಯೋ ಕೇಳುವ ನಮಗೆ ಸುದ್ದಿಗೆ ಹೊತ್ತು ಗೊತ್ತು ಇದೆ. ವಾರ್ತೆ ಮುಗಿದರೆ ಸಂಗೀತ. ಆದರೆ ಫೋನಿನಲ್ಲಿ ಸುದ್ದಿಗೆ ಹೊತ್ತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ‘ಹೊಸದು ಬಂತು, ಹಳೆಯದು ಹೋಯಿತು, ನೀವು ಹಿಂದೆ ಬಿದ್ದಿರಿ’ ಎಂಬ ಡಂಗುರ. ಇದನ್ನೆಲ್ಲ ಕೇಳುತ್ತ ಕೂತವರಿಗೆ ತಾವು ಕಲಿಯುತ್ತಿದ್ದೇವೆ ಎಂಬ ಭ್ರಮೆ ಬರುತ್ತದೆ; ವಾಸ್ತವವಾಗಿ ಹೆದರುತ್ತಿರುತ್ತಾರೆ, ಅಷ್ಟೆ. ಈಕೆ ಸುದ್ದಿಗೆ ಶನಿವಾರ ಒಂದು ಗಂಟೆಯನ್ನು ಮಾತ್ರ ಕೊಟ್ಟಿದ್ದಳು. ಒಂದೊಂದು ಸುದ್ದಿಯ ಎದುರಿಗೂ ಎರಡು ಪ್ರಶ್ನೆ: ಇದು ಹೇಗೆ ಆಯಿತು? ಇದರಿಂದ ನನ್ನ ಕೆಲಸದ ರೀತಿಯಲ್ಲಿ ಏನು ಬದಲಾಗಬೇಕು? ಉತ್ತರ ಬರೆಯಲಾಗದ ಸುದ್ದಿಯನ್ನು ಹೊಡೆದುಹಾಕಿದ್ದಳು.

ಉಳಿದವುಗಳಲ್ಲಿ ಹಿಂದಿನ ಎರಡು ಪ್ರಸಂಗಗಳನ್ನು ವಿವರವಾಗಿ ಬರೆದಿದ್ದಳು. ತಾವೂ ಕೇಳಬೇಕಾದವು ಅವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ, ಯಂತ್ರಗಳನ್ನು ಕಾಯಬೇಕಾದ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ತಿದ್ದುಪಡಿಯನ್ನು ಕಳುಹಿಸಿತು. ಅದರಲ್ಲಿ ದೋಷವಿತ್ತು. ಲೋಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ವಿಮಾನಗಳು ಹಾರಲಿಲ್ಲ, ನಮ್ಮ ದೇಶದಲ್ಲಿಯೂ ಕೆಲವು ಪ್ರಯಾಣಿಕರಿಗೆ ವಿಮಾನದ ಚೀಟಿಯನ್ನು ಕೈಯಿಂದ ಬರೆದು ಕೊಟ್ಟರು. ಪಾಠವೇನು? ತಿದ್ದುಪಡಿ ಎಷ್ಟು ಸಣ್ಣದಾದರೂ ಮೊದಲು ನಾಲ್ಕು ಯಂತ್ರಗಳಲ್ಲಿ ಪರೀಕ್ಷಿಸಿ, ಆಮೇಲೆ ನಾಲ್ಕು ಸಾವಿರಕ್ಕೆ ಕಳುಹಿಸಬೇಕು. ಹೊಸ ಔಷಧವನ್ನು ಒಂದೆರಡು ಮರಕ್ಕೆ ಹೊಡೆದು ನೋಡದೆ ಇಡೀ ತೋಟಕ್ಕೆ ಹೊಡೆಯುವ ಮಾವಿನ ಬೆಳೆಗಾರ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ.

ಎರಡನೆಯದು ಅದೇ ವರ್ಷದ ಮಾರ್ಚಿನದು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ದೂರದ ಯಂತ್ರವನ್ನು ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು ಎಂದರೆ ಕಣ್ಣು ಮಿಟುಕಿಸುವಷ್ಟು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅವರು ಬಿಡದೆ ಬೆನ್ನು ಹತ್ತಿ ನೋಡಿದರೆ, ಎಲ್ಲೆಡೆ ಬಳಕೆಯಲ್ಲಿದ್ದ ‘ಎಕ್ಸ್‌ಜ಼ೆಡ್’ ಎಂಬ ಸಣ್ಣ ತಂತ್ರಾಂಶದೊಳಗೆ ಒಬ್ಬ ಕಳ್ಳಬಾಗಿಲು ಕೊರೆದಿದ್ದ! ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುವವನಂತೆ ನಟಿಸಿ, ಅದನ್ನು ನೋಡಿಕೊಳ್ಳುತ್ತಿದ್ದವರ ವಿಶ್ವಾಸ ಗಳಿಸಿ ಆ ಕೆಲಸ ಮಾಡಿದ್ದ. ಇನ್ನು ಕೆಲವು ವಾರ ಗಮನಿಸದೆ ಹೋಗಿದ್ದರೆ ಅದು ಅಸಂಖ್ಯಾತ ಯಂತ್ರಗಳಿಗೆ ಹರಡುತ್ತಿತ್ತು. ಒಬ್ಬರ ಏಕಾಗ್ರತೆ ಲೋಕವನ್ನು ದೊಡ್ಡ ಅನರ್ಥದಿಂದ ಪಾರುಮಾಡಿತು. ಈ ಪ್ರಸಂಗದ ಎದುರಿಗೆ ಆಕೆ ಬರೆದುಕೊಂಡಿದ್ದ ಪಾಠ ಎರಡೇ ಪದ: ‘ನಿಧಾನವಾಗಿ ನೋಡು.’

ಇಷ್ಟು ಶಿಸ್ತಿನವಳಿಗೂ ಒಂದು ಅಳುಕಿತ್ತು. “ನಾನು ಇದನ್ನೆಲ್ಲ ಕಲಿಯುವಷ್ಟರಲ್ಲಿ ಯಂತ್ರವೇ ಕಲಿತುಬಿಡುತ್ತಲ್ಲ ಮೇಷ್ಟ್ರೇ?” ಎಂದಳು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರ ಕೈಗೆ ಬಂದಂದಿನಿಂದ ಈ ಅಳುಕು ಕಸುಬಿನವರೆಲ್ಲರಿಗೂ ಇದೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಅಂಥ ಯಂತ್ರಗಳು ತಂತ್ರಾಂಶವನ್ನು ತಾವೇ ಬರೆದುಕೊಡುತ್ತವೆ. ಈ ಅಳುಕನ್ನು ಸುಳ್ಳೆಂದು ನಾನು ತಳ್ಳಿಹಾಕಲಾರೆ. ಮುಂದೆ ಕೆಲಸಗಳ ಸಂಖ್ಯೆ ಏನಾಗುತ್ತದೆಂಬ ಭವಿಷ್ಯವನ್ನು ಹೇಳುವುದು ಪಂಡಿತನ ಕೆಲಸವಲ್ಲ. ಆದರೆ ಉಪಾಧ್ಯಾಯನಾಗಿ ಒಂದನ್ನು ಬಲ್ಲೆ. ನಮ್ಮ ಮಕ್ಕಳ ಕೈಯಲ್ಲಿ ಗೈಡು ಇರುತ್ತದೆ. ಪಾಠ ಓದಿ ಗೈಡು ನೋಡುವವನಿಗೆ ಅದರಲ್ಲಿರುವ ತಪ್ಪು ಕಾಣುತ್ತದೆ; ಬರಿಯ ಗೈಡು ಓದಿದವನು ತಪ್ಪನ್ನೂ ಅಂದವಾದ ಅಕ್ಷರದಲ್ಲಿ ನಕಲು ಮಾಡುತ್ತಾನೆ. ಅಕ್ಷರ ಎಣಿಸುವ ಕೆಲಸವನ್ನು ಆಕೆ ಅಂಥ ಯಂತ್ರಕ್ಕೂ ಒಪ್ಪಿಸಿ ನೋಡಿದ್ದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಬಂತು, ಬಹಳ ಧೈರ್ಯದ ಮಾತಿನಲ್ಲಿ. ಹತ್ತು ಪದಗಳಿಂದ ಪರೀಕ್ಷಿಸಿದರೆ ಎಂಟು ಸರಿ, ಎರಡು ತಪ್ಪು. ತಪ್ಪು ಯಾವುದೆಂದು ಹಿಡಿಯಲು ಆಕೆಗೆ ಸಾಧ್ಯವಾದದ್ದು ನಿಯಮಗಳನ್ನು ತಾನು ಬಲ್ಲವಳಾದ್ದರಿಂದ. ಮುಂದೆ ಯಂತ್ರ ಇನ್ನೂ ಜಾಣವಾಗಬಹುದು. ಆದರೂ ‘ಯಾವ ಲೆಕ್ಕ ಬೇಕು?’ ಎಂದು ಕೇಳಬೇಕಾದವರು, ತಪ್ಪಾದರೆ ಹೊಣೆ ಹೊರಬೇಕಾದವರು ಮನುಷ್ಯರೇ.

ಆಕೆಯ ಪುಸ್ತಕದಲ್ಲಿ ನಾಲ್ಕನೆಯ ಅಂಕಣವೊಂದನ್ನು ಹಾಕಿಕೊಳ್ಳುವಂತೆ ಹೇಳಿದೆ: ‘ಹೇಳಿಕೊಟ್ಟದ್ದು’. ವಿದ್ಯೆಯ ಒಂದು ಪಾಲು ಗುರುವಿನಿಂದ, ಒಂದು ಪಾಲು ಸ್ವಬುದ್ಧಿಯಿಂದ, ಒಂದು ಪಾಲು ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಲ್ಲಿ ಎಂದು ಹಿರಿಯರು ಹೇಳುವುದುಂಟು. ಸಹಪಾಠಿಗಳ ಪಾಲು ದಕ್ಕಬೇಕಾದರೆ ನಾವು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಅದೂ ಅವರ ಮಾತಿನಲ್ಲಿ. ಈ ದಾರಿಯಲ್ಲಿ ನಡೆದವರು ಕನ್ನಡದಲ್ಲಿದ್ದಾರೆ. ಡಾ. ಯು. ಬಿ. ಪವನಜರು 1996ರಲ್ಲಿಯೇ ‘ವಿಶ್ವಕನ್ನಡ’ವೆಂಬ ಪತ್ರಿಕೆಯನ್ನು ಅಂತರಜಾಲಕ್ಕೆ ತಂದರು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಟಿ. ಜಿ. ಶ್ರೀನಿಧಿಯವರು ‘ಇಜ್ಞಾನ’ದ ಮೂಲಕ ವಿಜ್ಞಾನ ತಂತ್ರಜ್ಞಾನಗಳನ್ನು ತಿಳಿಗನ್ನಡದಲ್ಲಿ ಹೇಳುತ್ತ ಬಂದಿದ್ದಾರೆ. ತಿಂಗಳಿಗೊಂದು ಪುಟವನ್ನು ಕನ್ನಡದಲ್ಲಿ ಬರೆಯಮ್ಮಾ ಎಂದೆ. ಅರ್ಥವಾದದ್ದೆಷ್ಟು, ಆಗದ್ದೆಷ್ಟು ಎಂಬುದು ತಾಯ್ನೆಲದ ಮಾತಿನಲ್ಲಿ ಬರೆಯಹೊರಟಾಗ ಬಯಲಾಗುತ್ತದೆ. ಇಂಗ್ಲಿಷಿನ ದೊಡ್ಡ ಪದಗಳ ಹಿಂದೆ ಅವಿತುಕೊಳ್ಳಲು ಅಲ್ಲಿ ಎಡೆಯಿಲ್ಲ.

ವಯಸ್ಸಾಯಿತು, ಡಿಗ್ರಿ ಹಳೆಯದಾಯಿತು ಎಂದು ಕೈಚೆಲ್ಲುವವರಿಗೆ ನಮ್ಮ ಜಿಲ್ಲೆಯವರೇ ಆದ ಒಬ್ಬರನ್ನು ತೋರಿಸಬಹುದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಸಂಸ್ಕೃತ, ಇಂಗ್ಲಿಷು, ರಾಜ್ಯಶಾಸ್ತ್ರ ಎಲ್ಲವನ್ನೂ ಬದುಕಿನ ನಡುವೆ, ದುಡಿಮೆಯ ನಡುವೆ ಓದಿ ಸಂಪಾದಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ ಅಲ್ಲಿ ಇತರರೊಡನೆ ಕೂತು ಓದಿದರು, ಓದಿಸಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅವರ ಕಾಲದಲ್ಲಿ ಕಂಪ್ಯೂಟರು ಮನೆಗೆ ಬಂದಿರಲಿಲ್ಲ. ಕಲಿಕೆಗೆ ಬೇಕಾದ ಶ್ರದ್ಧೆ ಮಾತ್ರ ಅಂದಿನದೂ ಇಂದಿನದೂ ಒಂದೇ.

ಮಾವಿನ ಸೀಮೆಯವರಿಗೆ ಕಸಿಯ ಗುಟ್ಟು ಗೊತ್ತು. ನಾಟಿಮರದ ಬೇರು ಗಟ್ಟಿಯಾಗಿರಬೇಕು. ಅದರ ಮೇಲೆ ಬಾದಾಮಿಯ ಕುಡಿಯನ್ನಾದರೂ ಕಟ್ಟಬಹುದು, ಮಲ್ಲಿಕಾದ ಕುಡಿಯನ್ನಾದರೂ ಕಟ್ಟಬಹುದು. ತಂತ್ರಾಂಶದ ಭಾಷೆಗಳು ಕುಡಿಗಳಿದ್ದಂತೆ. ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ತರ್ಕ, ಗಣಿತ, ಓದಿದ್ದನ್ನು ಅರ್ಥಮಾಡಿಕೊಳ್ಳುವ ಭಾಷಾಶಕ್ತಿ ಇವು ಬೇರು. ಬೇರನ್ನು ಶಾಲೆಯಲ್ಲಿ ಬೆಳೆಸಬೇಕು. ಕುಡಿ ಕಟ್ಟುವ ಕೆಲಸ ಜೀವಮಾನವೆಲ್ಲ ನಡೆಯುತ್ತದೆ.

ಈ ಮಾತನ್ನು ಸಿದ್ಧಪಡಿಸುವ ಹೊತ್ತಿಗೆ ಆ ಹುಡುಗಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಒಂದು ಕಡೆಯ ಸಂದರ್ಶನ ಕೈತಪ್ಪಿತು. ಇನ್ನೊಂದರ ಉತ್ತರಕ್ಕೆ ಕಾದಿದ್ದಾಳೆ. ಓದಿದ ಕೂಡಲೇ ಫಲ ಎಂದು ಹೇಳಿ ಯಾರನ್ನೂ ನಂಬಿಸುವುದು ನನಗೆ ಇಷ್ಟವಿಲ್ಲ. ಆದರೆ ಮೊದಲಿನ ಸಂದರ್ಶನದಲ್ಲಿ ‘ನಾಲ್ಕು ವರ್ಷ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸಿದ್ದವಳು, ಈ ಸಲ ಆ ನೋಟ್‌ಬುಕ್ಕನ್ನೇ ಮೇಜಿನ ಮೇಲೆ ಇಟ್ಟಳಂತೆ.

ಮನೆಯವರಲ್ಲಿ ನನ್ನದೊಂದು ವಿಜ್ಞಾಪನೆ. ಇಂಥ ಕಸುಬಿನ ಮಗನೋ ಸೊಸೆಯೋ ಮಗಳೋ ತಮ್ಮ ಮನೆಯಲ್ಲಿದ್ದರೆ ದಿನಕ್ಕೆ ಒಂದು ಗಂಟೆಯ ನಿಶ್ಶಬ್ದವನ್ನು ಅವರಿಗೆ ಉಡುಗೊರೆಯಾಗಿ ಕೊಡಿ. ಅದರಲ್ಲಿಯೂ ಮಗಳಿಗೆ, ಸೊಸೆಗೆ. ಮಗುವನ್ನು ಅಜ್ಜ ಅಜ್ಜಿ ಆ ಹೊತ್ತು ಎತ್ತಿಕೊಂಡರೆ ಒಂದು ಪಾಠ ಮುಂದುವರಿಯುತ್ತದೆ. ‘ಇನ್ನೂ ಏನು ಓದು?’ ಎಂದು ಕೇಳುವ ಬದಲು ‘ಈ ತಿಂಗಳು ಏನು ಕಲಿತೆ?’ ಎಂದು ಕೇಳಿ. ನಮಗೆ ತಿಳಿಯುವ ಹಾಗೆ ಹೇಳು ಎನ್ನಿ. ಹೇಳಲು ಅವರಿಗೆ ಬಂದರೆ, ಕಲಿತದ್ದು ಗಟ್ಟಿಯಾಯಿತೆಂದು ತಿಳಿಯಬಹುದು.